ಇದ್ದ ಪುಟಕ್ಕೇ ಮತ್ತೆ ಲಿಂಕ್ ಬೇಕೆ?

ಹಿಂದಿನ ಸಂಚಿಕೆಯಲ್ಲಿ ಜಾಲತಾಣಗಳ ಮೆನು ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗಂಟನ್ನು ಹಿಡಿದು ಕೇಳಿವೆ. ಓದುಗರು ಯಾವ ಪುಟದಲ್ಲಿ ಇದ್ದಾರೋ ಆ ಪುಟದ ಹೆಸರೂ ಮೆನುವಿನಲ್ಲಿ ಇರುತ್ತದಲ್ಲ, ಅದನ್ನು ಏನು ಮಾಡಬೇಕು? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರ: ನಮ್ಮ ಸಹಕಾರ ಸಂಘದ ಜಾಲತಾಣವನ್ನು ನಾನೇ ನೋಡಿಕೊಳ್ಳುತ್ತೇನೆ. ಮೆನುವಿನಲ್ಲಿ ಮುಖಪುಟ, ನಮ್ಮ ಬಗ್ಗೆ, ಠೇವಣಿ, ಸಾಲ, ಸಂಪರ್ಕ ಎಂದು ಐದು ಲಿಂಕ್ ಇವೆ. ಠೇವಣಿ ಪುಟದಲ್ಲಿದ್ದಾಗ ಮತ್ತೆ ‘ಠೇವಣಿ’ ಒತ್ತಿದರೆ ಪರದೆ ಒಮ್ಮೆ ಮಿನುಗಿ ಅದೇ ಪುಟ ಬರುತ್ತದೆ. “ಇದು ಕೆಟ್ಟಿದೆ, ಒತ್ತಿದರೆ ಏನೂ ಆಗುವುದಿಲ್ಲ” ಎಂದು ಆಡಳಿತ ಮಂಡಳಿ ಸಭೆಯಲ್ಲಿ ಒಬ್ಬ ನಿರ್ದೇಶಕರು ದೂರಿದರು. ಇನ್ನೊಬ್ಬರು ಆ ಪುಟದಲ್ಲಿ ಆ ಹೆಸರನ್ನೇ ತೆಗೆದುಬಿಡಿ ಎಂದರು. ಯಾರ ಮಾತು ಕೇಳಲಿ, ಮೇಡಂ?
— ಸಂಘದ ಕಾರ್ಯದರ್ಶಿ, ಶಿರಸಿ ತಾಲ್ಲೂಕು

ಉ: ತೆಗೆದುಹಾಕುವ ಸಲಹೆಯನ್ನು ಮೊದಲು ಬದಿಗಿಡಿ. ಠೇವಣಿ ಪುಟದಲ್ಲಿ ‘ಠೇವಣಿ’ ಇಲ್ಲ, ಸಾಲದ ಪುಟದಲ್ಲಿ ‘ಸಾಲ’ ಇಲ್ಲ ಎಂದಾದರೆ ಪ್ರತಿ ಪುಟದಲ್ಲೂ ಮೆನುವಿನ ಆಕಾರ ಬದಲಾಗುತ್ತದೆ. ಜನ ಮೆನುವನ್ನು ಪ್ರತಿ ಸಲ ಓದುತ್ತಾ ಕೂರುವುದಿಲ್ಲ. ಬಲತುದಿಯಲ್ಲಿ ಸಂಪರ್ಕ, ಅದರ ಪಕ್ಕ ಸಾಲ ಎಂದು ಜಾಗದ ಲೆಕ್ಕದಲ್ಲೇ ಬೆರಳು ಹೋಗುತ್ತದೆ. ನಡುವಿನ ಒಂದು ಹೆಸರು ಮಾಯವಾದರೆ ಉಳಿದವೆಲ್ಲ ಒಂದು ಮನೆ ಸರಿಯುತ್ತವೆ, ಬೆರಳು ತಪ್ಪುತ್ತದೆ.

ಮೊದಲ ನಿರ್ದೇಶಕರ ದೂರಿಗೆ ಹಿರಿಯರ ಬೆಂಬಲವಿದೆ. ಜಾಲತಾಣಗಳ ಬಳಕೆಯ ಬಗ್ಗೆ ದಶಕಗಳಿಂದ ಬರೆಯುತ್ತಿರುವ ಜೇಕಬ್ ನೀಲ್ಸನ್ 2003ರಲ್ಲಿ ಪ್ರಕಟಿಸಿದ ಹತ್ತು ತಪ್ಪುಗಳ ಪಟ್ಟಿಯಲ್ಲಿ, ತನಗೆ ತಾನೇ ಲಿಂಕ್ ಕೊಟ್ಟುಕೊಳ್ಳುವ ಪುಟವೂ ಒಂದು. ಒತ್ತಿದವರ ಸಮಯ ಹಾಳು, ಜೊತೆಗೆ ಹೊಸ ಪುಟಕ್ಕೆ ಬಂದೆನೋ ಹಳೆಯದರಲ್ಲೇ ಇದ್ದೇನೋ ಎಂಬ ಗೊಂದಲ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ತೆವಳುತ್ತಿದ್ದ ಕಾಲದಲ್ಲಿ ಈ ವಾದಕ್ಕೆ ಇನ್ನೂ ತೂಕವಿತ್ತು. ಹಾಗೆ ನಡೆಯಬೇಕೆನ್ನುವವರಿಗೆ ಎಚ್‌ಟಿಎಂಎಲ್ ಮಾನದಂಡದಲ್ಲೇ ದಾರಿ ಇದೆ: ಲಿಂಕಿನ ‘ಎ’ ಟ್ಯಾಗ್ ಉಳಿಸಿ, ವಿಳಾಸ ಹೊತ್ತ ‘ಎಚ್‌ರೆಫ್’ ಅನ್ನು ಮಾತ್ರ ಕಳಚಿ. ಆಗ ಅದು ಲಿಂಕಿನ ಜಾಗ ಹಿಡಿದು ಕೂತ ಬರಿಯ ಪದ; ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಇದಕ್ಕೆ ಮಾನದಂಡ ಕೊಡುವ ಉದಾಹರಣೆಯೂ ಮೆನುವಿನದೇ.

ಆದರೂ ನನ್ನ ಒಲವು ಲಿಂಕನ್ನು ಜೀವಂತ ಉಳಿಸುವ ಕಡೆಗೆ. ನಿಮ್ಮೂರಿನದೇ ಕಾರಣ ಹೇಳುತ್ತೇನೆ. ನಾಳೆ ನೀವು ‘ಅಡಿಕೆ ಧಾರಣೆ’ ಎಂಬ ಪುಟ ಸೇರಿಸುತ್ತೀರಿ ಎನ್ನೋಣ. ಬೆಳಿಗ್ಗೆ ತೆರೆದಿಟ್ಟ ಪುಟದಲ್ಲೇ ಮಧ್ಯಾಹ್ನದ ಧಾರಣೆ ನೋಡಬೇಕೆಂದವರು ಏನು ಮಾಡುತ್ತಾರೆ? ಬ್ರೌಸರಿನ ರಿಫ್ರೆಶ್ ಬಟನ್ ಎಲ್ಲಿದೆ ಎಂದು ಗೊತ್ತಿಲ್ಲದವರು ಬೇಕಾದಷ್ಟಿದ್ದಾರೆ. ಜಾಲತಾಣವನ್ನು ಮೊಬೈಲಿನ ಹೋಂ ಸ್ಕ್ರೀನಿಗೆ ಸೇರಿಸಿಕೊಂಡು ಆ್ಯಪ್‌ನಂತೆ ತೆರೆಯುವಾಗ ಆ ಬಟನ್ ಕಾಣುವುದೇ ಇಲ್ಲದಿರಬಹುದು. ಅವರು ಮೆನುವಿನಲ್ಲಿ ‘ಅಡಿಕೆ ಧಾರಣೆ’ ಒತ್ತುತ್ತಾರೆ, ಹೊಸ ದರ ಬರುತ್ತದೆ. ಅದನ್ನು ಕಿತ್ತುಕೊಂಡು ನಾವು ಸಾಧಿಸುವುದೇನು?

ನಿಮ್ಮ ನಿರ್ದೇಶಕರು ಠೇವಣಿ ಪುಟದಲ್ಲಿದ್ದೇ ‘ಠೇವಣಿ’ ಏಕೆ ಒತ್ತಿದರು ಎಂದು ಯೋಚಿಸಿ. ತಾವು ಆಗಲೇ ಅಲ್ಲಿದ್ದೇವೆಂದು ಅವರಿಗೆ ಗೊತ್ತಾಗಿರಲಿಲ್ಲ. ಐದೂ ಹೆಸರು ಒಂದೇ ಬಣ್ಣ, ಒಂದೇ ದಪ್ಪ ಇದ್ದರೆ ಗೊತ್ತಾಗುವುದಾದರೂ ಹೇಗೆ? ಕೆಟ್ಟಿದ್ದು ಲಿಂಕ್ ಅಲ್ಲ, ಗುರುತು ಇಲ್ಲದಿರುವುದು. ಇರುವ ಪುಟದ ಹೆಸರು ಎದ್ದು ಕಾಣುವಂತೆ ಮಾಡಿ, ಪುಟದ ನೆತ್ತಿಯಲ್ಲಿ ‘ಠೇವಣಿ’ ಎಂದು ಅದೇ ಪದದಲ್ಲಿ ದೊಡ್ಡ ಶೀರ್ಷಿಕೆ ಹಾಕಿ. ಮೆನುವಿನಲ್ಲಿ ‘ಠೇವಣಿ’ ಎಂದಿದ್ದು ಶೀರ್ಷಿಕೆಯಲ್ಲಿ ‘ನಮ್ಮ ಉಳಿತಾಯ ಯೋಜನೆಗಳು’ ಎಂದಿದ್ದರೆ ಅದೂ ಗೊಂದಲವೇ. ಇಷ್ಟಾದ ಮೇಲೆ ಮುಂದಿನ ಸಭೆಯಲ್ಲಿ ಅದೇ ನಿರ್ದೇಶಕರ ಕೈಗೆ ಮೊಬೈಲ್ ಕೊಟ್ಟು ನೋಡಿ.

ಪ್ರ: ನನಗೆ ದೃಷ್ಟಿ ಇಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಳಸುತ್ತೇನೆ. ನಮ್ಮ ಸಂಸ್ಥೆಯ ಜಾಲತಾಣದಲ್ಲಿ ಯಾವ ಪುಟ ತೆರೆದರೂ “ಲಿಂಕ್ ಮುಖಪುಟ, ಲಿಂಕ್ ಪ್ರವೇಶ, ಲಿಂಕ್ ಪರೀಕ್ಷೆ, ಲಿಂಕ್ ಫಲಿತಾಂಶ” ಎಂದು ಅದೇ ಸಾಲು ಕೇಳುತ್ತದೆ. ಎಲ್ಲಿದ್ದೇನೆಂದು ತಿಳಿಯಲು ಪುಟದೊಳಗೆ ತಡಕಾಡಬೇಕು. ಸಹೋದ್ಯೋಗಿಯೊಬ್ಬರನ್ನು ಕೇಳಿದರೆ “ನೀವಿರೋ ಪುಟ ಹಸಿರಾಗಿದೆಯಲ್ಲ ಸಾರ್” ಎನ್ನುತ್ತಾರೆ. ಹಸಿರು ಕೇಳಿಸುವಂತೆ ಮಾಡಲು ಆಗುವುದಿಲ್ಲವೇ?
— ಅಧ್ಯಾಪಕ, ಮೈಸೂರು

ಉ: ಆಗುತ್ತದೆ ಸರ್, ಅದೂ ಒಂದೇ ಒಂದು ಗುಣಲಕ್ಷಣ ಸೇರಿಸಿದರೆ. ಅದರ ಹೆಸರು ‘ಏರಿಯಾ-ಕರೆಂಟ್’. ಡಬ್ಲ್ಯು3ಸಿ ಸಂಸ್ಥೆಯ ಏರಿಯಾ ಮಾನದಂಡದ 1.1ನೇ ಆವೃತ್ತಿಯಲ್ಲಿ, 2017ರ ಡಿಸೆಂಬರ್‌ನಲ್ಲಿ, ಇದು ಅಧಿಕೃತವಾಗಿ ಬಂತು. ಮೆನುವಿನಲ್ಲಿ ಈಗಿನ ಪುಟದ ಲಿಂಕಿಗೆ ಇದನ್ನು ಹಾಕಿ ಬೆಲೆಯಾಗಿ ‘ಪೇಜ್’ ಎಂದು ಕೊಟ್ಟರೆ, ಎನ್‌ವಿಡಿಎ ಆ ಹೆಸರು ಓದುವಾಗ ಇದು ಈಗಿನ ಪುಟ ಎಂದೂ ಹೇಳುತ್ತದೆ. ಜಾಸ್, ಐಫೋನಿನ ವಾಯ್ಸ್‌ಓವರ್, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೂಡ ಇದನ್ನು ಬಲ್ಲವು. ಹಾಕಲು ಒಂದು ಸಾಲಿನ ಕೆಲಸ. ಇಷ್ಟು ವರ್ಷವಾದರೂ ಇದಿಲ್ಲದ ಜಾಲತಾಣಗಳನ್ನು ಕಂಡರೆ ನನಗೆ ನಿಮ್ಮಷ್ಟೇ ಬೇಸರ.

ನಿಮ್ಮ ಪತ್ರವನ್ನು ಜಾಲತಾಣ ಕಟ್ಟಿದವರ ಮುಂದಿಡುವುದಾದರೆ ಹೀಗೆ ಬರೆಯಿರಿ. ವೆಬ್ ಸೌಲಭ್ಯದ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿಯಲ್ಲಿ 1.3.1 ಎಂಬ ನಿಯಮವಿದೆ. ನೋಟದ ಮೂಲಕ ತಿಳಿಸಿದ ಮಾಹಿತಿ ತಂತ್ರಾಂಶಕ್ಕೂ ತಿಳಿಯುವಂತಿರಬೇಕು ಎಂಬುದು ಅದರ ಸಾರ. ಹಸಿರು ಬಣ್ಣ ಹಚ್ಚಿ ಕೈತೊಳೆದುಕೊಂಡರೆ ಈ ನಿಯಮ ಮುರಿದಂತೆ. ಇದು ‘ಎ’ ಹಂತದ ನಿಯಮ, ಎಂದರೆ ತೀರ ಕನಿಷ್ಠ. ಭಾರತ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯ 2023ರ ಮೂರನೇ ಆವೃತ್ತಿಯೂ ಡಬ್ಲ್ಯುಸಿಎಜಿ 2.1ರ ‘ಡಬಲ್ ಎ’ ಹಂತವನ್ನೇ ಆಧರಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನೂ ಉಲ್ಲೇಖಿಸಿ. ನಿಮ್ಮದು ಸರ್ಕಾರಿ ಸಂಸ್ಥೆಯಾಗಿದ್ದರೆ ಈ ಪತ್ರಕ್ಕೆ ಇನ್ನೂ ಬಲ ಬರುತ್ತದೆ.

ಕಟ್ಟುವವರಿಗೂ ಒಂದು ಮಾತು. ಬಣ್ಣಕ್ಕೆ ಬೇರೆ ಕ್ಲಾಸ್, ಧ್ವನಿಗೆ ಬೇರೆ ಗುಣಲಕ್ಷಣ ಎಂದು ಎರಡು ಕಡೆ ಬರೆಯಬೇಡಿ. ಸಿಎಸ್‌ಎಸ್‌ನಲ್ಲಿ ಏರಿಯಾ-ಕರೆಂಟ್ ಗುಣಲಕ್ಷಣವನ್ನೇ ಹಿಡಿದು ಬಣ್ಣ ಕೊಡಿ. ಆಗ ಗುಣಲಕ್ಷಣ ಮರೆತರೆ ಬಣ್ಣವೂ ಬರುವುದಿಲ್ಲ, ಕಣ್ಣಿರುವ ಯಾರೋ ಒಬ್ಬರು ಅದೇ ದಿನ ಫೋನ್ ಮಾಡಿ ಹೇಳುತ್ತಾರೆ. ಕಿವಿಯನ್ನು ನಂಬಿದವರ ಪಾಲಿನ ದೋಷ ವರ್ಷಗಟ್ಟಲೆ ಉಳಿಯುವುದಕ್ಕೆ ಕಾರಣ, ಅದು ಬೇರೆಯವರಿಗೆ ಕಾಣದಿರುವುದು.

ಪುಟ ತೆರೆದಾಗ ಸ್ಕ್ರೀನ್ ರೀಡರ್ ಮೊದಲು ಓದುವುದು ಬ್ರೌಸರಿನ ಟ್ಯಾಬ್ ಮೇಲಿನ ಹೆಸರನ್ನು. ಅಲ್ಲಿ ಎಲ್ಲ ಪುಟಕ್ಕೂ ಸಂಸ್ಥೆಯ ಉದ್ದನೆಯ ಹೆಸರೇ ಇದ್ದರೆ ಪ್ರಯೋಜನವಿಲ್ಲ. ‘ಫಲಿತಾಂಶ’ ಮೊದಲು, ಸಂಸ್ಥೆಯ ಹೆಸರು ಆಮೇಲೆ ಬರಲಿ. ಇದೊಂದು ಸರಿಯಾದರೆ ನೀವು ಮೆನುವಿಗೆ ಹೋಗುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಪ್ರ: ಪ್ರಾಜೆಕ್ಟ್‌ಗೆ ವೆಬ್‌ಸೈಟ್ ಮಾಡಿದ್ದೇನೆ. ಈಗಿನ ಪುಟದ ಲಿಂಕ್ ಒತ್ತದಂತೆ ಸಿಎಸ್‌ಎಸ್‌ನಲ್ಲಿ ‘ಪಾಯಿಂಟರ್-ಈವೆಂಟ್ಸ್ ನನ್’ ಹಾಕಿದೆ. ಗೈಡ್ ಸರ್ ಇದು ಸರಿಯಲ್ಲ ಎಂದರು, ಕಾರಣ ಹೇಳಲಿಲ್ಲ. ಮತ್ತೆ ‘ಆ್ಯಕ್ಟಿವ್’ ಸೆಲೆಕ್ಟರ್‌ಗೆ ಬಣ್ಣ ಕೊಟ್ಟರೂ ಅದು ನಿಲ್ಲುತ್ತಿಲ್ಲ.
— ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಉ: ಮೌಸ್ ತೆಗೆದಿಟ್ಟು ಟ್ಯಾಬ್ ಕೀ ಒತ್ತುತ್ತಾ ಆ ಲಿಂಕಿನವರೆಗೆ ಹೋಗಿ, ಎಂಟರ್ ಒತ್ತಿ. ಪುಟ ಮತ್ತೆ ತೆರೆದುಕೊಳ್ಳುತ್ತದೆ. ನೀವು ತಡೆದದ್ದು ಮೌಸ್ ಮತ್ತು ಬೆರಳನ್ನು ಮಾತ್ರ. ಲಿಂಕ್ ಬೇಡವಾದರೆ ಎಚ್‌ರೆಫ್ ತೆಗೆಯಿರಿ, ಬೇಕಾದರೆ ಪೂರ್ತಿ ಬಿಡಿ. ಎಚ್‌ರೆಫ್‌ನಲ್ಲಿ ಬರೀ ಹ್ಯಾಶ್ ಚಿಹ್ನೆ ಹಾಕುವವರೂ ಇದ್ದಾರೆ. ಒತ್ತಿದರೆ ಪುಟ ಧಡಕ್ಕನೆ ಮೇಲಕ್ಕೆ ಜಿಗಿಯುತ್ತದೆ, ಅದೂ ಬೇಡ.

‘ಆ್ಯಕ್ಟಿವ್’ ಸೆಲೆಕ್ಟರ್ ಇರುವುದು ಬೆರಳು ಒತ್ತಿಹಿಡಿದಿರುವ ಕ್ಷಣಕ್ಕೆ ಮಾತ್ರ. ಬಿಟ್ಟೊಡನೆ ಬಣ್ಣ ಹೋಗುತ್ತದೆ. ಬೂಟ್‌ಸ್ಟ್ರ್ಯಾಪ್‌ನಲ್ಲಿ ನೀವು ನೋಡಿರುವ ಅದೇ ಹೆಸರು ಒಂದು ಕ್ಲಾಸ್, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗಿನ ಪುಟದ ಲಿಂಕನ್ನು ತಾನಾಗಿ ಹಿಡಿಯುವ ‘ಲೋಕಲ್-ಲಿಂಕ್’ ಎಂಬ ಸೆಲೆಕ್ಟರ್ ಸಿಎಸ್‌ಎಸ್‌ನ ಕರಡಿನಲ್ಲಿ ಬಹುಕಾಲದಿಂದ ಇದೆ, ಬ್ರೌಸರುಗಳು ಅದನ್ನು ಕೈಗೆತ್ತಿಕೊಂಡಿಲ್ಲ. ಅಲ್ಲಿಯವರೆಗೆ ಗುರುತನ್ನು ನೀವೇ ಹಾಕಬೇಕು.

ಪ್ರ: ಕನ್ನಡ ಪುಸ್ತಕದಂಗಡಿಯೊಂದಕ್ಕೆ ಜಾಲತಾಣ ವಿನ್ಯಾಸ ಮಾಡುತ್ತಿದ್ದೇನೆ. ಈಗಿನ ಪುಟದ ಹೆಸರನ್ನು ಕೇಸರಿ ಬಣ್ಣದಲ್ಲಿ ತೋರಿಸಿ ಎಂದು ಮಾಲೀಕರ ಆಸೆ, ಹಿನ್ನೆಲೆ ಬಿಳಿ. ದಪ್ಪಕ್ಷರ ಮಾಡಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ, ಪಕ್ಕದ ಹೆಸರುಗಳೂ ಜರುಗುತ್ತವೆ. ಅಡಿಗೆರೆ ಎಳೆದರೆ ‘ಪಟ್ಟಿ’ಯ ಒತ್ತನ್ನು ಸೀಳಿಕೊಂಡು ಹೋಗುತ್ತದೆ. ಇಂಗ್ಲಿಷ್ ಸೈಟುಗಳಲ್ಲಿ ಇಷ್ಟು ತಾಪತ್ರಯ ಇರಲಿಲ್ಲ.
— ವಿನ್ಯಾಸಕ, ಹುಬ್ಬಳ್ಳಿ

ಉ: ನಿಮ್ಮ ಪತ್ರ ಓದಿ ಖುಷಿಯಾಯಿತು. ಮೆನು ಬಗ್ಗೆ ಸಿಗುವ ಸಲಹೆಗಳೆಲ್ಲ ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ಬರೆದವು. ದೊಡ್ಡಕ್ಷರ ಮಾಡಿ, ಓರೆ ಮಾಡಿ ಎನ್ನುತ್ತಾರೆ. ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ, ಓರೆ ಅಕ್ಷರ ಕಣ್ಣಿಗೆ ಒಗ್ಗಿಲ್ಲ.

ಅಡಿಗೆರೆಯಿಂದ ಶುರು ಮಾಡೋಣ. ಬ್ರೌಸರ್ ಅದನ್ನು ಅಕ್ಷರದ ಪಾದಕ್ಕೆ ತಾಗಿದಂತೆ ಎಳೆಯುತ್ತದೆ. ರೋಮನ್ನಿನಲ್ಲಿ ಪಾದದ ಕೆಳಗೆ ಇಳಿಯುವ ಅಕ್ಷರ ಕೆಲವೇ. ನಮ್ಮಲ್ಲಿ ‘ಸಂಸ್ಥೆ’, ‘ಪಟ್ಟಿ’, ‘ಹೊತ್ತಗೆ’, ‘ಮಕ್ಕಳ ಸಾಹಿತ್ಯ’ ಎಲ್ಲದರಲ್ಲೂ ಒತ್ತು ಕೆಳಗೆ ತೂಗುತ್ತದೆ. ಈಗಿನ ಬ್ರೌಸರುಗಳು ಅಂಥ ಕಡೆ ಗೆರೆಯನ್ನು ತುಂಡರಿಸಿ ಜಾಗ ಬಿಡುತ್ತವೆ. ಪರಿಣಾಮವಾಗಿ ಕನ್ನಡದ ಅಡಿಗೆರೆ ಹರಿದ ದಾರದಂತೆ ಚೂರು ಚೂರು. ಆದ್ದರಿಂದ ಅಡಿಗೆರೆಯ ಬದಲು ಕೆಳ ಅಂಚು, ಎಂದರೆ ಬಾರ್ಡರ್, ಬಳಸಿ. ಪದಕ್ಕೂ ಅಂಚಿಗೂ ನಡುವೆ ಒತ್ತು ಪೂರ್ತಿ ಇಳಿಯುವಷ್ಟು ಪ್ಯಾಡಿಂಗ್ ಕೊಡಿ. ಮೂರು ಪಿಕ್ಸೆಲ್ ದಪ್ಪದ ಅಂಚು ಸೊಗಸಾಗಿ ಕಾಣುತ್ತದೆ. ಸಾಲಿನ ಎತ್ತರವನ್ನೂ ಪರೀಕ್ಷಿಸಿ. ಇಂಗ್ಲಿಷಿಗೆ ಸಾಕೆನಿಸಿದ ಎತ್ತರದಲ್ಲಿ ನಮ್ಮ ಒತ್ತುಗಳು ಕತ್ತರಿಸಿಹೋಗುವುದುಂಟು.

ದಪ್ಪಕ್ಷರ ಕಲಸಿಹೋಗುತ್ತಿದ್ದರೆ ನಿಮ್ಮ ಫಾಂಟಿನಲ್ಲಿ ದಪ್ಪ ರೂಪ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸಿ ಹುಸಿ ದಪ್ಪ ತಯಾರಿಸುತ್ತದೆ. ‘ಳ’, ‘ಣ’ಗಳ ಹೊಟ್ಟೆ ಮುಚ್ಚಿಹೋಗುವುದು ಆಗಲೇ. ಉದಾಹರಣೆಗೆ ‘ತಿರೊ ಕನ್ನಡ’ ಚೆಂದದ ಫಾಂಟ್, ಆದರೆ ಅದರಲ್ಲಿ ಇರುವುದು ಸಾಮಾನ್ಯ ಮತ್ತು ಓರೆ ರೂಪ, ದಪ್ಪ ಇಲ್ಲ. ‘ನೋಟೊ ಸ್ಯಾನ್ಸ್ ಕನ್ನಡ’, ‘ಅನೇಕ್ ಕನ್ನಡ’ಗಳಲ್ಲಿ ಹಲವು ತೂಕಗಳಿವೆ. ಪೂರ್ತಿ ದಪ್ಪಕ್ಕೆ ಹೋಗದೆ ಅರೆದಪ್ಪದಲ್ಲಿ ನಿಲ್ಲಿ. ಪಕ್ಕದ ಹೆಸರು ಜರುಗದಿರಲು, ಪ್ರತಿ ಹೆಸರಿನಡಿಯೂ ಅದೇ ಪದದ ದಪ್ಪ ರೂಪವನ್ನು ಕಾಣದಂತೆ ಇಟ್ಟು ಅಗಲವನ್ನು ಮೊದಲೇ ಕಾದಿರಿಸುವ ಹಳೆಯ ಉಪಾಯವಿದೆ. ಅಷ್ಟು ಕಷ್ಟ ಏಕೆ? ಅಂಚು ಇದ್ದರೆ ದಪ್ಪವಿಲ್ಲದೆಯೂ ನಡೆಯುತ್ತದೆ.

ಇನ್ನು ಮಾಲೀಕರ ಕೇಸರಿ. ವೆಬ್‌ನಲ್ಲಿ ಕೇಸರಿ ಎಂದು ಸಾಮಾನ್ಯವಾಗಿ ಬಳಸುವ ಬಣ್ಣ ಕೆಂಪು 255, ಹಸಿರು 153, ನೀಲಿ 51ರ ಮಿಶ್ರಣ. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್ ಅನುಪಾತ ಸುಮಾರು 2.1. ಮೆನುವಿನ ಅಳತೆಯ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5. ಅರ್ಧಕ್ಕೂ ಕಡಿಮೆ. ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೆ, ಇರುವ ಪುಟದ ಹೆಸರೇ ಎಲ್ಲಕ್ಕಿಂತ ಮಂಕಾಗಿ ಕಾಣುತ್ತದೆ, ಮಾಡಹೊರಟದ್ದರ ತದ್ವಿರುದ್ಧ. ಅಕ್ಷರವನ್ನು ಕಪ್ಪಾಗಿಯೇ ಬಿಟ್ಟು ಕೇಸರಿಯನ್ನು ಕೆಳ ಅಂಚಿಗೆ ಕೊಡಿ ಎನ್ನಬಹುದಿತ್ತು, ಆದರೆ ಅಂಚಿನಂಥ ಗುರುತಿಗೂ 3ರ ಅನುಪಾತ ಬೇಕು. ಆದ್ದರಿಂದ ಕೇಸರಿಯನ್ನು ಇಟ್ಟಿಗೆ ಕೆಂಪಿನ ಕಡೆಗೆ ಸ್ವಲ್ಪ ಎಳೆಯಿರಿ, ಮಾಲೀಕರು ಒಪ್ಪಿಯಾರು. ಬಣ್ಣ ಯಾವುದೇ ಇರಲಿ, ಅದೊಂದನ್ನೇ ನಂಬಬೇಡಿ. ಫೋನನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿ, ಆಗಲೂ ಗುರುತು ಸಿಗಬೇಕು. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಬಳಸುವವರ ಪರದೆಯಲ್ಲಿ ನೀವು ಹಾಕಿದ ಹಿನ್ನೆಲೆ ಬಣ್ಣ ಅಳಿದುಹೋಗುತ್ತದೆ, ಅಂಚು ಉಳಿಯುತ್ತದೆ. ಹಿನ್ನೆಲೆಗಿಂತ ಅಂಚು ವಾಸಿ ಎನ್ನಲು ಇದೂ ಒಂದು ಕಾರಣ.

ಪ್ರ: ಮಗಳ ಶಾಲಾ ಪ್ರವೇಶದ ಆನ್‌ಲೈನ್ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದೆ. ಜಾತಿ ಪ್ರಮಾಣಪತ್ರದ ಸಂಖ್ಯೆವರೆಗೂ ಬಂದಿದ್ದೆ. ಮೇಲಕ್ಕೆ ಸರಿಸುವಾಗ ಹೆಬ್ಬೆರಳು ಮೆನುವಿನ ‘ಅರ್ಜಿ’ ಎಂಬುದಕ್ಕೆ ತಾಗಿತು. ಅದೇ ಪುಟ ಮತ್ತೆ ಬಂತು, ಎಲ್ಲ ಖಾಲಿ. ಹಿಂದಕ್ಕೆ ಹೋದರೂ ಸಿಗಲಿಲ್ಲ. ಹೀಗೇಕೆ?
— ಒಬ್ಬ ತಂದೆ, ಗದಗ

ಉ: ಮೊದಲ ಪತ್ರಕ್ಕೆ ಲಿಂಕ್ ಉಳಿಸಿ ಎಂದೆ. ನಿಮ್ಮದು ಅದಕ್ಕೆ ಅಪವಾದ.

ಇದ್ದ ವಿಳಾಸಕ್ಕೇ ಲಿಂಕ್ ಒತ್ತಿದರೆ ಬ್ರೌಸರ್ ಇತಿಹಾಸದಲ್ಲಿ ಹೊಸ ನಮೂದು ಸೇರಿಸುವುದಿಲ್ಲ, ಇರುವುದನ್ನೇ ಬದಲಾಯಿಸುತ್ತದೆ. ಬೇರೆ ಪುಟಕ್ಕೆ ಹೋಗಿದ್ದರೆ ‘ಹಿಂದೆ’ ಒತ್ತಿದಾಗ ತುಂಬಿದ ಅರ್ಜಿ ಹಾಗೇ ಸಿಗುವ ಸಾಧ್ಯತೆ ಇತ್ತು. ಇಲ್ಲಿ ಹೊಸ ಖಾಲಿ ಅರ್ಜಿ ಹಳೆಯದರ ಜಾಗದಲ್ಲೇ ಕೂತಿತು. ‘ಹಿಂದೆ’ ಒತ್ತಿದಾಗ ನೀವು ಹೋದದ್ದು ಅರ್ಜಿಗೂ ಮುಂಚಿನ ಪುಟಕ್ಕೆ.

ಇದು ನಿಮ್ಮ ತಪ್ಪಲ್ಲ, ಕಟ್ಟಿದವರದು. ಅರ್ಜಿಯ ಪುಟದಲ್ಲಿ ‘ಅರ್ಜಿ’ಯ ಎಚ್‌ರೆಫ್ ಕಳಚಲೇಬೇಕು. ಉದ್ದದ ಅರ್ಜಿಯಾದರೆ ಮೆನುವನ್ನೇ ಮಡಿಚಿಟ್ಟು, ಸಂಸ್ಥೆಯ ಹೆಸರು ಮತ್ತು ಸಹಾಯವಾಣಿ ಮಾತ್ರ ಉಳಿಸುವುದು ಒಳ್ಳೆಯದು. ಪುಟ ಬಿಡುವ ಮುನ್ನ ‘ನಿಜಕ್ಕೂ ಹೋಗಬೇಕೇ’ ಎಂದು ಬ್ರೌಸರ್ ಕೇಳುವಂತೆ ಮಾಡಬಹುದು, ಆದರೆ ಮೊಬೈಲಿನಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ತುಂಬಿದ್ದನ್ನು ಹಂತ ಹಂತವಾಗಿ ಸರ್ವರಿನಲ್ಲಿ ಉಳಿಸುವುದೇ ಸರಿಯಾದ ಮದ್ದು. ಬ್ರೌಸರಿನಲ್ಲೇ ಉಳಿಸುವ ಅಗ್ಗದ ದಾರಿಯೂ ಇದೆ. ಆದರೆ ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕುವವರ ಆಧಾರ್ ಸಂಖ್ಯೆ ಮುಂದಿನ ಗಿರಾಕಿಯ ಕಣ್ಣಿಗೆ ಬೀಳಬಾರದಲ್ಲ. ನಿಮ್ಮ ಮಟ್ಟಿಗೆ: ಅರ್ಜಿ ತುಂಬುವಾಗ ಮೆನುವಿನಿಂದ ಏನಾದರೂ ನೋಡಬೇಕೆನಿಸಿದರೆ ಆ ಲಿಂಕನ್ನು ಒತ್ತಿಹಿಡಿದು ಹೊಸ ಟ್ಯಾಬಿನಲ್ಲಿ ತೆರೆಯಿರಿ.

ಪ್ರ: ಕನ್ನಡ ಪತ್ರಿಕೆಯೊಂದರ ಜಾಲತಾಣಕ್ಕೆ ಕೋಡ್ ಬರೆಯುತ್ತೇನೆ. ಪುಟಗಳ ವಿಳಾಸವೂ ಕನ್ನಡದಲ್ಲೇ ಇದೆ. ಬ್ರೌಸರಿನಲ್ಲಿರುವ ವಿಳಾಸವನ್ನು ಮೆನುವಿನ ವಿಳಾಸದ ಜೊತೆ ಜಾವಾಸ್ಕ್ರಿಪ್ಟ್‌ನಲ್ಲಿ ಹೋಲಿಸಿ ಗುರುತು ಹಾಕುತ್ತೇನೆ. ಇಂಗ್ಲಿಷ್ ವಿಳಾಸದ ಪುಟಗಳಲ್ಲಿ ಸರಿಯಾಗಿ ಬರುತ್ತದೆ, ಕನ್ನಡದವುಗಳಲ್ಲಿ ಬರುವುದೇ ಇಲ್ಲ. ಕಣ್ಣಿಗೆ ಎರಡೂ ಒಂದೇ!
— ಪ್ರೋಗ್ರಾಮರ್, ಬೆಂಗಳೂರು

ಉ: ವಿಳಾಸಪಟ್ಟಿಯಲ್ಲಿ ಕಾಣುವ ಕನ್ನಡ ನಿಮ್ಮ ಕಣ್ಣಿಗಾಗಿ ಬ್ರೌಸರ್ ತೋರಿಸುವ ರೂಪ. ಒಳಗೆ ಪ್ರತಿ ಕನ್ನಡ ಸಂಕೇತವೂ ಮೂರು ಬೈಟ್, ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ. ‘ಕ’ ಒಂದಕ್ಕೇ 9 ಅಕ್ಷರವಾಯಿತು. ‘ಲೊಕೇಶನ್’ನಿಂದ ನಿಮಗೆ ಸಿಗುವ ಹಾದಿ ಈ ರೂಪದ್ದು, ಮೆನುವಿನಿಂದ ಗುಣಲಕ್ಷಣವಾಗಿ ಓದಿದ್ದು ಅಪ್ಪಟ ಕನ್ನಡ. ಅವು ಎಂದಿಗೂ ಸಮವಾಗುವುದಿಲ್ಲ. ಲಿಂಕಿನ ‘ಪಾತ್‌ನೇಮ್’ ಗುಣವನ್ನು ಓದಿದರೆ ಬ್ರೌಸರ್ ಅದನ್ನೂ ಶೇಕಡಾ ರೂಪದಲ್ಲೇ ಕೊಡುತ್ತದೆ, ಬಹುತೇಕ ಕೆಲಸ ಅಲ್ಲಿಗೆ ಮುಗಿಯಿತು.

ಬಹುತೇಕ ಎಂದೆ, ಪೂರ್ತಿ ಅಲ್ಲ. ಕೆಲವು ವ್ಯವಸ್ಥೆಗಳು ಶೇಕಡಾ ಸಂಕೇತವನ್ನು ರೋಮನ್ ಸಣ್ಣಕ್ಷರದಲ್ಲಿ ಬರೆಯುತ್ತವೆ, ವರ್ಡ್‌ಪ್ರೆಸ್ ಹಾಗೆ. ಬ್ರೌಸರ್ ತಾನಾಗಿ ಸಂಕೇತ ಮಾಡುವಾಗ ದೊಡ್ಡಕ್ಷರ ಬಳಸುತ್ತದೆ. ಅರ್ಥ ಒಂದೇ, ಹೋಲಿಕೆಯಲ್ಲಿ ಬೇರೆ. ಆದ್ದರಿಂದ ಎರಡೂ ಕಡೆಯದನ್ನು ಬಿಡಿಸಿ ಕನ್ನಡಕ್ಕೆ ತಂದು ಹೋಲಿಸಿ. ಆಮೇಲೂ ಒಂದು ಹೆಜ್ಜೆ ಇದೆ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು, ಯಾವ ಕೀಬೋರ್ಡು, ಯಾವ ಪರಿವರ್ತಕದಿಂದ ಬಂತು ಎಂಬುದರ ಮೇಲೆ ಹೋಗುತ್ತದೆ. ನೋಡಲು ತಲೆಕೂದಲಿನಷ್ಟೂ ವ್ಯತ್ಯಾಸವಿಲ್ಲ. ‘ನಾರ್ಮಲೈಸ್’ ಮಾಡಿ ಒಂದೇ ರೂಪಕ್ಕೆ ತನ್ನಿ.

ವರ್ಡ್‌ಪ್ರೆಸ್ ಆಗಿದ್ದರೆ ಇನ್ನೊಂದು ಮಿತಿ ಇದೆ. ಪುಟದ ವಿಳಾಸದ ಹೆಸರಿಗೆ ಅದು 200 ಅಕ್ಷರದ ಜಾಗ ಇಟ್ಟಿದೆ, ಲೆಕ್ಕ ಶೇಕಡಾ ರೂಪದ್ದು. 9ರಿಂದ ಭಾಗಿಸಿದರೆ 22 ಕನ್ನಡ ಸಂಕೇತ. ‘ಸ್ಥೆ’ ಒಂದೇ ನಾಲ್ಕು ಸಂಕೇತ ನುಂಗುತ್ತದೆ! ಉದ್ದ ಹೆಸರು ನಡುವೆಯೇ ತುಂಡಾಗುತ್ತದೆ, ನೀವು ಮೆನುವಿನಲ್ಲಿ ಕೈಯಾರೆ ಬರೆದ ಪೂರ್ತಿ ಹೆಸರು ಅದಕ್ಕೆ ಹೊಂದುವುದಿಲ್ಲ.

ವಿಭಾಗಗಳಿಗೆ ‘ಇದರಿಂದ ಆರಂಭವಾಗುತ್ತದೆಯೇ’ ಎಂಬ ಪರೀಕ್ಷೆ ಬಳಸುವುದಾದರೆ ಎಚ್ಚರ. ‘ಸಾಲ’ ಎಂಬ ವಿಭಾಗ ‘ಸಾಲಮನ್ನಾ’ ಪುಟದಲ್ಲೂ ಬೆಳಗುತ್ತದೆ. ಕೊನೆಗೆ ಓರೆಗೆರೆ ಸೇರಿಸಿ ಹೋಲಿಸಿ. ಮುಖಪುಟದ ವಿಳಾಸ ಬರೀ ಓರೆಗೆರೆಯಾದ್ದರಿಂದ ಎಲ್ಲ ಪುಟವೂ ಅದರಿಂದಲೇ ಆರಂಭ, ಅದಕ್ಕೆ ಪೂರ್ಣ ಹೋಲಿಕೆಯೇ ಬೇಕು. ವಾಟ್ಸ್ಆ್ಯಪ್, ಫೇಸ್‌ಬುಕ್‌ನಿಂದ ಬಂದವರ ವಿಳಾಸಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಬಾಲ ಅಂಟಿರಬಹುದು, ಹೋಲಿಕೆಯಿಂದ ಅದನ್ನು ಹೊರಗಿಡಿ.

ಇಷ್ಟೆಲ್ಲ ಓದಿ ತಲೆ ಕೆಟ್ಟಿದ್ದರೆ ನನ್ನ ನಿಜವಾದ ಸಲಹೆ: ಹೋಲಿಕೆಯನ್ನೇ ಮಾಡಬೇಡಿ. ಪುಟವನ್ನು ಸರ್ವರ್ ಕಟ್ಟುವಾಗ ತಾನು ಯಾವ ಪುಟ ಕಟ್ಟುತ್ತಿದ್ದೇನೆಂದು ಅದಕ್ಕೆ ಗೊತ್ತೇ ಇರುತ್ತದೆ. ಗುರುತನ್ನು ಅಲ್ಲೇ ಹಾಕಿ. ಜಾವಾಸ್ಕ್ರಿಪ್ಟ್ ಬರಲು ತಡವಾದ ಹಳ್ಳಿಯ ನೆಟ್‌ವರ್ಕಿನಲ್ಲೂ ಅದು ಕಾಣುತ್ತದೆ. ರಿಯಾಕ್ಟ್ ಬಳಸುವವರಿಗೆ ರಿಯಾಕ್ಟ್ ರೌಟರಿನ ‘ನ್ಯಾವ್‌ಲಿಂಕ್’ ಏರಿಯಾ-ಕರೆಂಟ್ ಅನ್ನು ತಾನೇ ಹಾಕಿಕೊಡುತ್ತದೆ. ಕೈಯಾರೆ ಹಾಕುವವರು, ಪುಟ ಬದಲಾದಾಗ ಹಳೆಯದರಿಂದ ಗುರುತು ತೆಗೆಯಲು ಮರೆಯಬಾರದು. ಎರಡು ಕಡೆ ‘ಈಗಿನ ಪುಟ’ ಎಂದು ಕೇಳುವುದಕ್ಕಿಂತ ಒಂದೂ ಕೇಳದಿರುವುದು ವಾಸಿ.

ಪ್ರ: ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಜಾಲತಾಣವನ್ನು ಸ್ವಯಂಸೇವಕರು ಸೇರಿ ನಡೆಸುತ್ತೇವೆ. ಮೆನುವಿನಲ್ಲಿ ‘ಕಾರ್ಯಕ್ರಮಗಳು’ ಇದೆ, ಅದರೊಳಗೆ ಯುಗಾದಿ, ರಾಜ್ಯೋತ್ಸವ ಎಂದು ಒಂದೊಂದು ಪುಟ, ಅವು ಮೆನುವಿನಲ್ಲಿಲ್ಲ. ಯುಗಾದಿ ಪುಟದಲ್ಲಿದ್ದಾಗ ‘ಕಾರ್ಯಕ್ರಮಗಳು’ ಹೆಸರಿಗೆ ಗುರುತು ಹಾಕಬೇಕೇ? ಲೋಗೋ ಒತ್ತಿದರೆ ಮುಖಪುಟ ಬರುತ್ತದೆ, ಮುಖಪುಟದಲ್ಲೇ ಇದ್ದಾಗ ಅದನ್ನು ತೆಗೆಯಬೇಕೇ? ಮಕ್ಕಳಿಗಾಗಿ ಇಂಗ್ಲಿಷ್ ರೂಪವೂ ಇದೆ, ಭಾಷೆ ಬದಲಿಸುವ ಬಟನ್ ಬಗ್ಗೆಯೂ ಹೇಳಿ.
— ಸ್ವಯಂಸೇವಕಿ, ನ್ಯೂಜೆರ್ಸಿ

ಉ: ಗುರುತು ಹಾಕಿ. ಆದರೆ ‘ಕಾರ್ಯಕ್ರಮಗಳು’ ಈಗಿನ ಪುಟವಲ್ಲ, ಈಗಿನ ಪುಟ ಇರುವ ವಿಭಾಗ. ಆದ್ದರಿಂದ ಏರಿಯಾ-ಕರೆಂಟ್‌ಗೆ ‘ಪೇಜ್’ ಎಂಬ ಬೆಲೆ ಕೊಡದೆ ‘ಟ್ರೂ’ ಕೊಡಿ. ಕಣ್ಣಿಗೂ ಅಂಚನ್ನು ಸ್ವಲ್ಪ ತೆಳುವಾಗಿಸಿ. ಇಲ್ಲಿ ಲಿಂಕನ್ನು ಮಾತ್ರ ಯಾವ ಕಾರಣಕ್ಕೂ ಕೊಲ್ಲಬೇಡಿ, ಯುಗಾದಿಯಿಂದ ಪಟ್ಟಿಗೆ ಮರಳುವ ದಾರಿ ಅದೊಂದೇ. ಗುರುತು ಬಿದ್ದ ಹೆಸರುಗಳ ಲಿಂಕನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುವ ಥೀಮುಗಳಲ್ಲಿ ಜನ ಒಳಪುಟದಲ್ಲಿ ಸಿಕ್ಕಿಬೀಳುತ್ತಾರೆ. ವರ್ಡ್‌ಪ್ರೆಸ್ ಈಗಿನ ಪುಟಕ್ಕೂ ಅದರ ಮೇಲಿನ ಹಂತಕ್ಕೂ ಬೇರೆ ಬೇರೆ ಕ್ಲಾಸ್ ಕೊಡುವುದು ಈ ಭೇದಕ್ಕಾಗಿಯೇ.

ಲೋಗೋ ಇದ್ದ ಹಾಗೇ ಇರಲಿ. ಮುಖಪುಟದಲ್ಲಿ ಲೋಗೋದ ಲಿಂಕ್ ತೆಗೆಯಬೇಕೆಂದು ವಾದಿಸುವವರಿದ್ದಾರೆ; ಒತ್ತಿದವರಿಗೆ ಆಗುವ ನಷ್ಟ ಏನೂ ಇಲ್ಲ, ನಿಮ್ಮ ಸ್ವಯಂಸೇವಕರ ಸಮಯಕ್ಕೆ ಅದಕ್ಕಿಂತ ಒಳ್ಳೆಯ ಕೆಲಸವಿದೆ.

ಭಾಷೆಯ ವಿಷಯದಲ್ಲಿ ಕೆಲಸವಿದೆ. ‘ಕನ್ನಡ’, ‘ಇಂಗ್ಲಿಷ್’ ಎರಡೂ ಹೆಸರು ಸದಾ ಕಾಣಲಿ, ಈಗಿನದಕ್ಕೆ ಅಂಚು ಮತ್ತು ‘ಟ್ರೂ’ ಬೆಲೆ ಇರಲಿ. ಒಂದೇ ಬಟನ್ ಇಟ್ಟು ಅದರ ಮೇಲೆ ಒಮ್ಮೆ ‘ಕನ್ನಡ’, ಒಮ್ಮೆ ‘ಇಂಗ್ಲಿಷ್’ ಎಂದು ಬದಲಿಸಿದರೆ, ಅದು ಈಗಿರುವ ಭಾಷೆಯೋ ಒತ್ತಿದರೆ ಬರುವ ಭಾಷೆಯೋ ಎಂದು ಯಾರಿಗೂ ತಿಳಿಯುವುದಿಲ್ಲ. ಯುಗಾದಿ ಪುಟದಲ್ಲಿ ‘ಇಂಗ್ಲಿಷ್’ ಒತ್ತಿದ ಹುಡುಗಿಗೆ ಇಂಗ್ಲಿಷಿನ ಯುಗಾದಿ ಪುಟವೇ ಸಿಗಬೇಕು, ಮುಖಪುಟವಲ್ಲ. ಪ್ರತಿ ಭಾಷೆಯ ಹೆಸರನ್ನೂ ಅದರದೇ ಲಿಪಿಯಲ್ಲಿ ಬರೆದು, ಆ ಲಿಂಕಿಗೆ ಭಾಷಾಸೂಚಕ ಗುಣಲಕ್ಷಣ ಸೇರಿಸಿ. ಇಲ್ಲದಿದ್ದರೆ ಸ್ಕ್ರೀನ್ ರೀಡರಿನ ಇಂಗ್ಲಿಷ್ ಧ್ವನಿ ‘ಕನ್ನಡ’ ಎಂಬ ಪದವನ್ನು ಓದದೆ ದಾಟಿಬಿಡಬಹುದು.